ಸಾಹೇಬರ ನಾಲ್ಕು ಜೋಡಿ

ಬಿಯಾನ್ ಯೋಂಗ್‌ಶುನ್ ಪಂಪು ಕಾರ್ಖಾನೆಗೆ ಸೇರಿದ್ದು ಕಾರು ಓಡಿಸಲು. ಇಸ್ಪೀಟು ಆಡಬೇಕಾದೀತೆಂದು ಕೆಲಸ ಕೊಡುವಾಗ ಯಾರೂ ಹೇಳಿರಲಿಲ್ಲ. ಆದರೆ ಹುವಾಯ್‌ಆನ್‌ನಲ್ಲಿ ನಾಲ್ಕು ಜನ ಊಟಕ್ಕೆ ಸೇರಿದರೆ ಮೊದಲು ಮೇಜಿಗೆ ಬರುವುದು ಚಹಾ, ಅದರ ಬೆನ್ನಿಗೆ ಎರಡು ಕಟ್ಟು ಇಸ್ಪೀಟೆಲೆ. ಅನ್ನ, ಮೀನು, ಮದ್ಯ ಎಲ್ಲ ಆಮೇಲೆ. ಊಟಕ್ಕೆ ಮುಂಚೆ ಒಂದಾಟ ಆಗದಿದ್ದರೆ ಉಂಡದ್ದು ಲೆಕ್ಕಕ್ಕಿಲ್ಲ ಎನ್ನುವ ಊರು. ಒಂದು ಸಂಜೆ ಕಾಲುವೆ ದಂಡೆಯ ಹೋಟೆಲಿನಲ್ಲಿ ನಾಲ್ಕನೆಯ ಅತಿಥಿ ಬರಲಿಲ್ಲ. ಕಾರ್ಖಾನೆಯ ಮುಖ್ಯಸ್ಥ ಕುವಾಂಗ್ ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿ, ಅಂಗಳದಲ್ಲಿ ಕಾರಿಗೊರಗಿ ಸಿಗರೇಟು ಸೇದುತ್ತಿದ್ದ ಚಾಲಕನನ್ನು ಕರೆದರು.

"ಚಿಕ್ಕ ಬಿಯಾನ್, ಎಲೆ ಹಿಡಿಯೋಕೆ ಬರುತ್ತೇನೋ?"

"ಬರುತ್ತೆ ಸಾಹೇಬ್ರೇ."

"ಹಾಗಾದ್ರೆ ಕೈ ತೊಳ್ಕೊಂಡು ಬಾ. ನನ್ನೆದುರಿಗೆ ಕೂತ್ಕೋ."

ಎದುರಿಗೆ ಕೂರುವುದೆಂದರೆ ಜೊತೆಗಾರನಾಗುವುದು. ಪಕ್ಕದಲ್ಲಿ ಕೂತವರಿಬ್ಬರೂ ಎದುರಾಳಿಗಳು, ಮೇಜಿನ ಆಚೆ ಕೂತವನು ನಮ್ಮವನು. ಬಿಯಾನ್ ಅವತ್ತು ಕೂತವನು ಆ ಕುರ್ಚಿಯಿಂದ ಏಳಲೇ ಇಲ್ಲವೆಂದರೂ ಸರಿಯೇ. ಕಾರ್ಖಾನೆ ಕೈ ಬದಲಾಯಿಸಿತು, ಕಾರು ಹರಾಜಾಯಿತು, ಸಾಹೇಬರು ನಿವೃತ್ತರಾದರು, ಬಿಯಾನ್ ಕೂಡ ನಿವೃತ್ತನಾಗಿ ಅವನ ಹುಬ್ಬೂ ನರೆಯಿತು. ಆದರೂ ಶನಿವಾರ ಸಂಜೆ ಸಾಹೇಬರ ಫೋನು ಬರುತ್ತಿತ್ತು, ಇವನು ತನ್ನ ವಿದ್ಯುತ್ ಸ್ಕೂಟರು ಹತ್ತಿ ಹೋಗುತ್ತಿದ್ದ. ಅವರ ಬಾಯಲ್ಲಿ ಈಗಲೂ ಅವನು ಚಿಕ್ಕ ಬಿಯಾನೇ.

ಸಾಹೇಬರ ಎದುರಿಗೆ ಕೂತು ಆಡುವುದಕ್ಕೂ ಬರೇ ಆಡುವುದಕ್ಕೂ ವ್ಯತ್ಯಾಸವಿದೆ. ಈ ಆಟದಲ್ಲಿ ಒಬ್ಬೊಬ್ಬನ ಕೈಗೆ ಇಪ್ಪತ್ತೇಳು ಎಲೆ ಬರುತ್ತದೆ. ಆಟವೆಲ್ಲ ಇರುವುದು ಅವನ್ನು ಕಂತೆ ಕಟ್ಟುವುದರಲ್ಲಿ. ಒಂಟಿಗೆ ಒಂಟಿ, ಜೋಡಿಗೆ ಜೋಡಿ. ಒಂದೇ ಮುಖದ ಮೂರಕ್ಕೆ ಮೂರು, ಆ ಮೂರಕ್ಕೆ ಒಂದು ಜೋಡಿ ಅಂಟಿಸಿ ಹಾಕಿದರೆ ಅಂಥದೇ ಐದು. ಸಾಲು ಹಾಕಿದರೆ ಐದೇ ಎಲೆ. ನಾಲ್ಕಾದರೂ ಇಲ್ಲ, ಆರಾದರೂ ಇಲ್ಲ. ಜೋಡಿಗಳ ಸಾಲಾದರೆ ಮೂರೇ ಜೋಡಿ. ಒಂದೇ ಮುಖದ ನಾಲ್ಕು ಸೇರಿದರೆ ಬಾಂಬು, ಅದು ಎಲ್ಲವನ್ನೂ ಹೊಡೆಯುತ್ತದೆ; ಅದನ್ನು ಹೊಡೆಯಲು ಅದಕ್ಕಿಂತ ದೊಡ್ಡ ಬಾಂಬೇ ಬೇಕು. ಯಾರು ಮೊದಲು ಕೈ ಖಾಲಿ ಮಾಡುತ್ತಾನೋ ಅವನ ಬಣ ಮಟ್ಟದಿಂದ ಮಟ್ಟಕ್ಕೆ ಮೇಲೇರುತ್ತದೆ. ಇಷ್ಟು ಈ ಊರಿನ ಮಕ್ಕಳಿಗೂ ಗೊತ್ತು. ಬಿಯಾನ್‌ನ ಕೆಲಸ ಮಾತ್ರ ಬೇರೆ. ತನ್ನ ಕೈ ಖಾಲಿ ಮಾಡುವುದು ಅವನ ಕೆಲಸವಾಗಿರಲಿಲ್ಲ. ಸಾಹೇಬರ ಕೈಯಲ್ಲಿ ಏನಿರಬಹುದೆಂದು ಊಹಿಸಿ, ಅವರು ಸಲೀಸಾಗಿ ಹಾಕುವಂಥದ್ದನ್ನು ಮುಂಚೆ ತಾನು ಹಾಕಿ ದಾರಿ ಮಾಡಿಕೊಡುವುದು. ಅದಕ್ಕಾಗಿ ಜೋಡಿ ಮುರಿಯಬೇಕಾದರೆ ಮುರಿಯುವುದು, ಬಾಂಬು ಒಡೆಯಬೇಕಾದರೆ ಒಡೆಯುವುದು. ಕಾರು ಓಡಿಸುವಾಗ ಗುಂಡಿ ತಪ್ಪಿಸಿದಂತೆ. ಹಿಂದೆ ಕೂತವರಿಗೆ ಗುಂಡಿ ಇತ್ತೆಂದೇ ಗೊತ್ತಾಗಬಾರದು.

ಎಲ್ಲ ಮುಗಿದು ಸಾಹೇಬರು ಅತಿಥಿಗಳೊಂದಿಗೆ ಊಟಕ್ಕೆ ಕೂತ ಮೇಲೆ ಅವನು ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಉಳಿದ ಚಾಲಕರ ಜೊತೆ ಉಣ್ಣುತ್ತಿದ್ದ. ಹಾವುಮೀನಿನ ಪಲ್ಯ ಅಲ್ಲಿಗೆ ಬರುವಷ್ಟರಲ್ಲಿ ಎಣ್ಣೆ ಹೆಪ್ಪುಗಟ್ಟಿರುತ್ತಿತ್ತು.

ನಾಲ್ಕು ಜೋಡಿಯ ವಿಷಯ ಶುರುವಾದದ್ದೂ ಅದೇ ಹೋಟೆಲಿನಲ್ಲಿ. ಮೇಲಿನ ಕಚೇರಿಯ ಯಾರೋ ಬಂದಿದ್ದರು, ಸಾಹೇಬರಿಗೆ ಮಧ್ಯಾಹ್ನದ ಮದ್ಯ ಇನ್ನೂ ಇಳಿದಿರಲಿಲ್ಲ. ಅವರು ಆರು, ಏಳು, ಎಂಟು, ಒಂಬತ್ತರ ಜೋಡಿಗಳನ್ನು ಒಟ್ಟಿಗೆ ಮೇಜಿಗೆ ಬಡಿದರು. ಎಂಟು ಎಲೆ. ಬಲಗಡೆ ಕೂತಿದ್ದ ಲೆಕ್ಕಪತ್ರದ ಅಧಿಕಾರಿ ಎಲೆಗಳನ್ನು ನೋಡಿದ, ಬಾಯಿ ತೆರೆದ. ಬಿಯಾನ್ ಅವನ ಲೋಟಕ್ಕೆ ಚಹಾ ಹಾಕಿದ. ಅಧಿಕಾರಿ ಬಾಯಿ ಮುಚ್ಚಿದ. ಅತಿಥಿಯೇ ಮೊದಲು "ಭೇಷ್!" ಎಂದರು. ಮಿಕ್ಕವರೂ ಭೇಷ್ ಎಂದರು. ಮುಂದೆ ಆ ಮೇಜಿನಲ್ಲಿ ನಾಲ್ಕು ಜೋಡಿಯೂ ಒಂದು ಕಂತೆಯಾಯಿತು. ಹೊಸಬರು ಯಾರಾದರೂ ಹುಬ್ಬೇರಿಸಿದರೆ ಮೇಜು ಸುಮ್ಮನಿರುತ್ತಿತ್ತು, ಹುಬ್ಬು ತಾನಾಗಿ ಇಳಿಯುತ್ತಿತ್ತು. ಒಮ್ಮೊಮ್ಮೆ ಬಿಯಾನೇ, ಸಾಹೇಬರ ಕೈಯಲ್ಲಿ ದೊಡ್ಡ ಜೋಡಿಗಳಿವೆ ಎನಿಸಿದಾಗ, ನಾಲ್ಕು ಚಿಕ್ಕ ಜೋಡಿ ಹಾಕಿ ಅವರಿಗೆ ಹಾದಿ ತೆರೆಯುತ್ತಿದ್ದ. ಅದು ತಪ್ಪೆಂದು ಅವನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಬಹುಶಃ ಸಾಹೇಬರಿಗೂ.

ಅವನ ಹೆಂಡತಿ ಸುಯ್‌ಫೆನ್ ನೂಲಿನ ಗಿರಣಿಯಲ್ಲಿ ಪಾಳಿ ದುಡಿದವಳು. ಯಂತ್ರದ ಸದ್ದಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಮಾತು ಜೋರು. ಇವಳು ಮನೆಗೆ ಬರುವಾಗ ಅವನು ಹೊರಗೆ, ಅವನು ಬರುವಾಗ ಇವಳು ನಿದ್ದೆಯಲ್ಲಿ, ಇಲ್ಲವೇ ಗಿರಣಿಯಲ್ಲಿ. ಮಗಳೊಬ್ಬಳನ್ನು ಸಾಕಿ ಮದುವೆ ಮಾಡಿದ್ದೂ ಹೀಗೇ, ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತ. ಗಿರಣಿ ಬಿಟ್ಟ ಮೇಲೆ ಅವಳು ಬಡಾವಣೆಯ ಆಟದ ಕೋಣೆಯಲ್ಲಿ ಪಕ್ಕದ ಮನೆಯವಳ ಜೊತೆ ಎಲೆ ಆಡುತ್ತಿದ್ದಳು, ಗೆಲ್ಲುತ್ತಲೂ ಇದ್ದಳು. ಆ ಪಕ್ಕದ ಮನೆಯವಳು ಸೊಸೆಯ ಊರಿಗೆ ಹೊರಟುಹೋದಳು. ಅದೇ ವಸಂತದಲ್ಲಿ ಬಡಾವಣೆ ಸಮಿತಿ ಪಂದ್ಯ ಇಟ್ಟಿತು: ಒಂದೇ ಮನೆತನದ ಇಬ್ಬರು ಒಂದು ಜೋಡಿ.

ಸುಯ್‌ಫೆನ್ ತಟ್ಟೆ ಒರೆಸುತ್ತ ಕೇಳಿದಳು.

"ಶನಿವಾರ ಮಧ್ಯಾಹ್ನ ನನ್ನೆದುರಿಗೆ ಕೂರ್ತೀಯಾ?"

"ಯಾಕೆ?"

"ಯಾಕೆ ಅಂದ್ರೆ? ಎಲೆ ಆಡೋಕೆ. ಮುಖ ನೋಡೋಕಲ್ಲ, ಅದನ್ನ ನೋಡಿ ಆಗಿದೆ."

"ಆಗಲಿ."

"ಹಾಗನ್ಬೇಡ." ಅವಳು ಬಟ್ಟೆ ಕೆಳಗಿಟ್ಟಳು. "ನೀನು ಎಲ್ಲಾದಕ್ಕೂ ಆಗಲಿ ಅಂತೀಯ. ಮಗಳ ಶಾಲೆ ನಾಟಕಕ್ಕೆ ಆಗಲಿ ಅಂದೆ, ನಮ್ಮಪ್ಪನ ಎಂಬತ್ತನೇ ಹುಟ್ಟುಹಬ್ಬಕ್ಕೆ ಆಗಲಿ ಅಂದೆ. ಇದೊಂದು ಸಲ ಕೇಳ್ತಿದೀನಿ ಬಿಯಾನ್ ಯೋಂಗ್‌ಶುನ್. ಬರೋಕಾಗಲ್ಲ ಅಂದ್ರೆ ಈಗ್ಲೇ ಹೇಳು, ನಂಗೆ ಬೇಜಾರಿಲ್ಲ. ಬರ್ತೀನಿ ಅಂದು ನಡುವೆ ಎದ್ದು ಹೋದ್ಯೋ, ಇನ್ನು ನಾನು ಯಾವತ್ತೂ ಯಾವುದಕ್ಕೂ ನಿನ್ನ ಕೇಳಲ್ಲ. ಅನ್ನ ಬೇಯಿಸಿ ಇಡ್ತೀನಿ, ಉಣ್ಣು. ಅಷ್ಟೇ."

ಪೂರ್ತಿ ಹೆಸರು ಹಿಡಿದು ಕರೆದಳೆಂದರೆ ಅದು ತಮಾಷೆಯಲ್ಲ. ಅವಳು ಕೋಪ ಮಾಡಿಕೊಂಡೂ ಇರಲಿಲ್ಲ. ಅದೇ ಅವನಿಗೆ ಕಷ್ಟವಾಯಿತು.

"ಬರ್ತೀನಿ," ಎಂದ.

ಶುಕ್ರವಾರ ಸಾಹೇಬರ ಫೋನು ಬಂತು. "ಚಿಕ್ಕ ಬಿಯಾನ್, ನಾಳೆ ನಾಲ್ಕು ಗಂಟೆಗೆ. ನಾನ್‌ಜಿಂಗ್‌ನಿಂದ ನಮ್ಮ ಹಳೇ ಸ್ನೇಹಿತ ಬರ್ತಿದಾನೆ, ಬಾಯಿ ದೊಡ್ಡದು ಅವಂದು. ಸೋಲಿಸಿ ಕಳಿಸ್ಬೇಕು." ಬಿಯಾನ್‌ನ ಬಾಯಿ, ಅವನನ್ನು ಕೇಳದೆ, "ಆಗಲಿ ಸಾಹೇಬ್ರೇ" ಎಂದಿತು. ಫೋನಿಟ್ಟ ಮೇಲೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತ. ಪಂದ್ಯ ಒಂದೂವರೆಗೆ ಶುರು. ಬೇಗ ಬೇಗ ಆಡಿದರೆ ನಾಲ್ಕರೊಳಗೆ ಮುಗಿದೀತು. ಅವನು ಹೆಂಡತಿಗೆ ಏನೂ ಹೇಳಲಿಲ್ಲ.

ಆಟದ ಕೋಣೆ ಎಂದರೆ ಹಳೆಯ ಸೈಕಲ್ ಶೆಡ್ಡು. ಗೋಡೆಗೆ ಬಿಳಿ ಬಳಿದು, ಚೌಕ ಮೇಜು ಹಾಕಿ, ಮೂಲೆಯಲ್ಲಿ ನೀರು ಕಾಯಿಸುವ ಡ್ರಮ್ಮು ಇಟ್ಟಿದ್ದರು. ಬಾಗಿಲಿನಿಂದ ಕಾಲುವೆ ಕಾಣುತ್ತಿತ್ತು. ಮರಳು ತುಂಬಿದ ದೋಣಿಗಳು ಒಂದರ ಬಾಲ ಒಂದು ಹಿಡಿದು ನಿಧಾನ ಹೋಗುತ್ತಿದ್ದವು. ಪ್ರತಿಯೊಬ್ಬರ ಮುಂದೆಯೂ ಚಹಾ ಕುದಿಸಿಟ್ಟ ಗಾಜಿನ ಬಾಟಲಿ. ತೀರ್ಪುಗಾರ ಶಾನ್ ಮೇಷ್ಟ್ರು. ಮಾಧ್ಯಮಿಕ ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರು, ಕೊರಳಲ್ಲಿ ಸೀಟಿ ಇನ್ನೂ ನೇತಾಡುತ್ತಿತ್ತು.

ಮೊದಲ ಎರಡು ಸುತ್ತು ಅವರು ಗೆದ್ದರು. ಗೆದ್ದದ್ದು ಸುಯ್‌ಫೆನ್ ಎನ್ನಬೇಕು. ಬಿಯಾನ್ ಅವಳಿಗೆ ದಾರಿ ಬಿಟ್ಟುಕೊಡುತ್ತ ಹೋದ. ಅವಳು ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ಆಡುವಾಗ ಜೊತೆಗಾರನೊಡನೆ ಮಾತಾಡುವಂತಿಲ್ಲ, ಹಾಗಾಗಿ ಸುತ್ತು ಮುಗಿದ ಮೇಲೆ ಬಿಸಿನೀರು ತುಂಬಿಸಿಕೊಳ್ಳುವಾಗ ತರಾಟೆಗೆ ತೆಗೆದುಕೊಂಡಳು.

"ನಿನ್ನ ಕೈಲಿ ಮೂರು ಎಕ್ಕ ಇತ್ತು. ಯಾಕೆ ಒಂದೊಂದಾಗಿ ಬಿಸಾಡಿದೆ?"

"ನಿನಗೆ ಅನುಕೂಲ ಆಗ್ಲಿ ಅಂತ."

"ನಾನು ನಿನ್ನ ಹಿಂದಿನ ಸೀಟಲ್ಲಿ ಕೂತಿಲ್ಲ. ನಿನ್ನ ಎಲೆ ನೀನು ಆಡು."

ಕೊನೆಯ ಸುತ್ತಿಗೆ ಎದುರು ಬಂದವರು ಮೀನು ಮಾರುವ ಜೀ ಮತ್ತು ಅವನ ಅಕ್ಕ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಮೀನಿನ ಹೊಟ್ಟೆ ಸೀಳಿದ ಕೈಯನ್ನು ಎಷ್ಟು ಸೋಪು ಹಚ್ಚಿ ತೊಳೆದರೂ ಜೀ ಎಲೆ ಕಲಸಿದರೆ ಮೇಜಿಗೆಲ್ಲ ಕೆರೆಯ ವಾಸನೆ. ಅಕ್ಕ ದಪ್ಪ ಹೆಂಗಸು, ಕಲ್ಲಂಗಡಿ ಬೀಜ ಸಿಪ್ಪೆ ಬಿಡಿಸುತ್ತ ಆಡುವವಳು.

"ಡ್ರೈವರಣ್ಣ ದೊಡ್ಡವರ ಮೇಜಲ್ಲಿ ಆಡ್ದವ್ರು," ಎಂದಳು ಅಕ್ಕ. "ನಮ್ಮಂಥವ್ರ ಜೊತೆ ಕೂತ್ರೆ ಕೈ ಹೊಲಸಾಗಲ್ವಾ?"

"ನಿಮ್ಮ ತಮ್ಮನ ಕೈಯಿಂದ ಆಗ್ಲೇ ಆಗಿದೆ," ಎಂದಳು ಸುಯ್‌ಫೆನ್.

ಜೀ ತನ್ನ ಬೆರಳು ಮೂಸಿ ನೋಡಿಕೊಂಡು ನಕ್ಕ.

ಆಟ ಬೇಗ ಮುಗಿಯಲಿಲ್ಲ. ಒಮ್ಮೆ ಇವರು ಮೇಲೆ, ಒಮ್ಮೆ ಅವರು. ಬಿಯಾನ್ ಬಾಗಿಲ ಮೇಲಿನ ಗಡಿಯಾರ ನೋಡುತ್ತಿದ್ದ. ಬೆನ್ನು ನೋಯುತ್ತಿತ್ತು, ಅಷ್ಟು ವರ್ಷ ಗಾಡಿಯ ಸೀಟು, ಆಮೇಲೆ ಕುರ್ಚಿ. ಕಣ್ಣಿನ ಹಿಂದೆ ಏನೋ ಭಾರ. ಎರಡೂ ಬಣ ಹತ್ತರ ಮಟ್ಟಕ್ಕೆ ಬಂದು ಸಮನಾದಾಗ ಶಾನ್ ಮೇಷ್ಟ್ರು, "ಇದು ಕೊನೇ ಕೈ. ಇದರಲ್ಲಿ ಗೆದ್ದವರಿಗೆ ಪಂದ್ಯ," ಎಂದರು. ನಾಲ್ಕಕ್ಕೆ ಸ್ವಲ್ಪ ಹೊತ್ತಿತ್ತು. ಹೋಟೆಲಿಗೆ ಸ್ಕೂಟರಿನಲ್ಲಿ ಹತ್ತಿರದ ದಾರಿ. ಈ ಕೈ ಬೇಗ ಮುಗಿದರೆ ಗೆದ್ದದ್ದೂ ಆಯಿತು, ಹೋದದ್ದೂ ಆಯಿತು. ಯಾರಿಗೂ ಏನೂ ಹೇಳಬೇಕಾಗುವುದಿಲ್ಲ.

ಎಲೆ ಚೆನ್ನಾಗಿಯೇ ಬಂದಿತ್ತು. ಆಟ ಅರ್ಧಕ್ಕೆ ಬಂದಾಗ ಅವನು ನಾಲ್ಕು ರಾಜರ ಬಾಂಬು ಹಾಕಿ ಸರದಿಯನ್ನು ತನ್ನ ಕೈಗೆ ತೆಗೆದುಕೊಂಡ. ಮೂವರೂ ಬಿಟ್ಟರು. ಈಗ ಏನು ಬೇಕಾದರೂ ಅವನು ಹಾಕಬಹುದು. ಕೈಯಲ್ಲಿ ಉಳಿದಿದ್ದದ್ದು ಮೂರು ಒಂಬತ್ತು, ಒಂದು ಕರಿ ಜೋಕರ್, ಮತ್ತೆ ನಾಲ್ಕು, ಐದು, ಆರು, ಏಳರ ಜೋಡಿಗಳು. ಅವನ ಕಣ್ಣಿಗೆ ಆ ಎಂಟು ಎಲೆ ಒಂದೇ ಕಂತೆಯಾಗಿ ಕಂಡಿತು, ಬೇರೆ ಥರ ಕಾಣಲೇ ಇಲ್ಲ. ಅವನು ಅವನ್ನು ಒಟ್ಟಿಗೆ ಎಳೆದು, ಬೀಸಣಿಗೆಯಂತೆ ಹರಡಿ ಮೇಜಿನ ಮೇಲಿಟ್ಟ.

ಇಟ್ಟು ಕಾದ.

ಯಾರೂ ಭೇಷ್ ಎನ್ನಲಿಲ್ಲ. ಕಲ್ಲಂಗಡಿ ಬೀಜದ ಸದ್ದು ನಿಂತಿತು. ಜೀ ಮುಂದೆ ಬಾಗಿ ಬೆರಳಿಟ್ಟು ಎಣಿಸಿದ. ಎಣಿಸಿ ಅಕ್ಕನ ಮುಖ ನೋಡಿದ. ಬಿಯಾನ್‌ಗೆ ಆಗಲೂ ಹೊಳೆಯಲಿಲ್ಲ. ಮುಂದಿನವನು ಯಾಕೆ ಹಾಕುತ್ತಿಲ್ಲ ಎಂದಷ್ಟೇ ಅನಿಸಿತು.

"ಅಣ್ಣಾ, ಇದು ಯಾವೂರಿನ ಆಟ?" ಎಂದ ಜೀ. "ನಮ್ಮಲ್ಲಿ ಸಾಲಿಗೆ ಮೂರು ಜೋಡಿ ಸಾಕು. ನೀನು ಇಡೀ ಮದುವೆ ದಿಬ್ಬಣಾನೇ ಕರ್ಕೊಂಡು ಬಂದಿದೀಯಲ್ಲ!"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಶಾನ್ ಮೇಷ್ಟ್ರು ಬಂದು ಎಲೆಗಳನ್ನು ನೋಡಿ, ಹೊಸಬನಿಗೆ ಹೇಳುವಂತೆ ಮೆಲ್ಲಗೆ ಹೇಳಿದರು. "ಬಿಯಾನ್ ಅವರೇ, ಇದು ಕಂತೆ ಅಲ್ಲ. ವಾಪಸ್ ತಗೊಳ್ಳಿ. ಸರದಿ ಹೋಯ್ತು. ಜೀ, ನೀನು ಹಾಕು."

ಅವನು ಎಂಟು ಎಲೆಗಳನ್ನು ಒಂದೊಂದಾಗಿ ಹೆಕ್ಕಿಕೊಂಡ. ಒಂದು ಕೆಳಗೆ ಬಿತ್ತು, ಬಗ್ಗಿ ತೆಗೆಯುವಾಗ ಬೆನ್ನು ಚುರುಕ್ ಎಂದಿತು. ರಾಜರ ಬಾಂಬು ನೀರಿಗೆ ಹೋಯಿತು. ಮೇಲಾಗಿ ಅವನ ಎಂಟು ಎಲೆ ಎಲ್ಲರಿಗೂ ಗೊತ್ತಾಯಿತು. ಅವನು ತಲೆ ಎತ್ತಿ ಹೆಂಡತಿಯನ್ನು ನೋಡಿದ. ಬೈಗುಳ ಬರುತ್ತದೆಂದುಕೊಂಡಿದ್ದ. ಸುಯ್‌ಫೆನ್ ಅವನನ್ನೇ ನೋಡುತ್ತಿದ್ದಳು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನ ಮುಖದಲ್ಲಿ ಯಾರದೋ ಹೋಲಿಕೆ ಹುಡುಕುವವಳ ಹಾಗೆ.

"ಅಲ್ಲಿ ಇದು ನಡೀತಿತ್ತಾ?" ಎಂದಳು.

ಆಟದ ನಡುವೆ ಮಾತಾಡಬಾರದು. ಶಾನ್ ಮೇಷ್ಟ್ರು ಕೇಳಿಸದವರಂತೆ ಬೇರೆ ಕಡೆ ನೋಡಿದರು.

"ನಡೀತಿತ್ತು."

"ಯಾರೂ ಏನೂ ಅಂತಿರ್ಲಿಲ್ವಾ?"

"ಇಲ್ಲ."

"ನೀನೂ?"

ಅವನು ಕೈಯಲ್ಲಿದ್ದ ಎಲೆಗಳನ್ನು ಜೋಡಿಸತೊಡಗಿದ. ಆಗಲೇ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಕಿವಿ ಮಂದವಾದರೂ ಸುಯ್‌ಫೆನ್‌ಗೆ ಅದು ಮೇಜಿನ ಕಾಲಿನಿಂದಲೇ ತಿಳಿಯಿತು. ಗಡಿಯಾರ ನೋಡಿದಳು. ನಾಲ್ಕು ದಾಟಿತ್ತು. ಎಲ್ಲ ಅರ್ಥವಾಯಿತು ಅವಳಿಗೆ: ಅವನು ಯಾಕೆ ಬಾಗಿಲ ಕಡೆ ನೋಡುತ್ತಿದ್ದ, ಯಾಕೆ ಅವಸರದಲ್ಲಿ ಎಂಟು ಎಲೆ ಸುರಿದ.

"ಅವ್ರಿಗೂ ಬರ್ತೀನಿ ಅಂದಿದೀಯ," ಎಂದಳು. ದನಿ ಏರಿಸಲಿಲ್ಲ.

"ಹೂಂ."

"ಎತ್ತು ಮತ್ತೆ. ಕಾಯಿಸ್ಬೇಡ."

ಎದ್ದು ಹೋದರೆ ಜೋಡಿ ಸೋತ ಹಾಗೆ. ಶಾನ್ ಮೇಷ್ಟ್ರು ಸೀಟಿಯನ್ನು ಬೆರಳಿನಿಂದ ತಿರುಗಿಸುತ್ತ ನಿಂತರು. ಜೀ ತನ್ನ ಎಲೆಗಳಲ್ಲಿ ಮುಖ ಹುದುಗಿಸಿದ. ಅವನಿಗೂ ಹೆಂಡತಿ ಇದ್ದಳು. ಬಿಯಾನ್ ಕೂತಲ್ಲೇ ಫೋನು ಕಿವಿಗಿಟ್ಟ.

"ಎಲ್ಲಿದೀಯೋ? ಚಹಾ ತಣ್ಣಗಾಯ್ತು," ಎಂದರು ಸಾಹೇಬರು.

"ಸಾಹೇಬ್ರೇ, ನಾನು ಬರೋಕಾಗಲ್ಲ."

"ಏನು? ಹುಷಾರಿಲ್ವಾ?"

"ಹುಷಾರಾಗಿದೀನಿ. ಎಲೆ ಆಡ್ತಿದೀನಿ."

"ಯಾರ ಜೊತೆ?" ಸಾಹೇಬರ ದನಿಯಲ್ಲಿ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು.

"ಮನೆಯವಳ ಜೊತೆ."

ಆಚೆ ಕಡೆ ಲೋಟ ಇಟ್ಟ ಸದ್ದು. ದೂರದಲ್ಲಿ ಯಾರೋ ನಕ್ಕರು, ನಾನ್‌ಜಿಂಗ್‌ನ ದೊಡ್ಡ ಬಾಯಿಯ ಸ್ನೇಹಿತನೇ ಇರಬೇಕು. ಆಮೇಲೆ ಸಾಹೇಬರು ಕೇಳಿದ್ದು ಒಂದೇ ಮಾತು.

"ಮತ್ತೆ ನನ್ನ ಎದುರಿಗೆ ಯಾರು ಕೂರ್ತಾರೋ?"

ಅದು ಗದರಿಕೆಯಾಗಿದ್ದರೆ ಬಿಯಾನ್‌ಗೆ ಸುಲಭವಾಗುತ್ತಿತ್ತು. ಅದು ಗದರಿಕೆಯಾಗಿರಲಿಲ್ಲ. ಎಂಬತ್ತರ ಹತ್ತಿರದ ಮುದುಕನೊಬ್ಬ ನಿಜಕ್ಕೂ ಗೊತ್ತಿಲ್ಲದೆ ಕೇಳಿದ ಪ್ರಶ್ನೆ. "ಕ್ಷಮಿಸಿ ಸಾಹೇಬ್ರೇ," ಎಂದು ಬಿಯಾನ್ ಫೋನು ಆರಿಸಿ, ಮೇಜಿನ ಅಂಚಿಗೆ ಮುಖ ಕೆಳಗೆ ಮಾಡಿ ಇಟ್ಟ. ಹಗುರಾದಂತೇನೂ ಆಗಲಿಲ್ಲ. ಇನ್ನಷ್ಟು ಆಯಾಸವಾಯಿತು, ಅಷ್ಟೇ.

"ಹಾಕಪ್ಪಾ ಜೀ," ಎಂದರು ಶಾನ್ ಮೇಷ್ಟ್ರು.

ಜೀ ಮೂರು ರಾಣಿಗೆ ಒಂದು ಜೋಡಿ ಅಂಟಿಸಿ ಹಾಕಿದ. ಸುಯ್‌ಫೆನ್ ಒಂದು ಕ್ಷಣವೂ ಯೋಚಿಸದೆ ಅದರ ಮೇಲೆ ನಾಲ್ಕು ಗುಲಾಮರ ಬಾಂಬು ಬಡಿದಳು. ಅದನ್ನು ಹೊಡೆಯುವಂಥದ್ದು ಯಾರೂ ಹಾಕಲಿಲ್ಲ. ಸರದಿ ಅವಳದಾಯಿತು. ಆಗ ಅವಳು ನಿಧಾನ ಮಾಡಿದಳು. ಎಲೆಗಳನ್ನು ಮುಚ್ಚಿ, ಮತ್ತೆ ಬಿಡಿಸಿ, ಒಂದಷ್ಟನ್ನು ಬೇರೆ ಮಾಡಿದಳು. ಮೇಜಿನ ಮೇಲಿಟ್ಟದ್ದು ಮೂರು, ನಾಲ್ಕು, ಐದರ ಜೋಡಿಗಳು. ಮೂರೇ ಜೋಡಿ. ಆಟದಲ್ಲಿ ಇದಕ್ಕಿಂತ ಚಿಕ್ಕ ಸಾಲು ಹುಡುಕುವುದು ಕಷ್ಟ.

ಅಕ್ಕ ತನ್ನ ಎಲೆಗಳನ್ನು ಆಚೆ ಈಚೆ ಮಾಡಿ, "ನನ್ನ ಹತ್ರ ಇಲ್ಲ," ಎಂದಳು.

ಬಿಯಾನ್ ಮೇಜನ್ನು ನೋಡಿದ. ಆಮೇಲೆ ತನ್ನ ಕೈ ನೋಡಿದ. ಐದು, ಆರು, ಏಳು. ಅವನು ಬಿಚ್ಚಿ ತೋರಿಸಿ ನಗೆಪಾಟಲಾದ ಆ ಎಂಟು ಎಲೆಗಳನ್ನು ಎದುರಾಳಿಗಳಷ್ಟೇ ಅಲ್ಲ, ಅವಳೂ ನೋಡಿದ್ದಳು. ನೋಡಿ, ಅವು ಎಲ್ಲಿ ಕೂರುತ್ತವೋ ಅಲ್ಲಿಗೆ ಸರಿಯಾಗಿ ಜಾಗ ಮಾಡಿ ಇಟ್ಟಿದ್ದಳು. ಮೇಜಿನ ಆಚೆಯಿಂದ ತನಗೆ ಯಾರಾದರೂ ದಾರಿ ಬಿಟ್ಟದ್ದು ಅವನಿಗೆ ನೆನಪಿರಲಿಲ್ಲ. ಏನು ಮಾಡಬೇಕೆಂದು ತಕ್ಷಣಕ್ಕೆ ತೋಚಲಿಲ್ಲ.

"ಅಣ್ಣಾ, ನಿದ್ದೆ ಬಂತಾ?" ಎಂದ ಜೀ.

ಅವನು ಐದು, ಆರು, ಏಳರ ಜೋಡಿಗಳನ್ನು ಹಾಕಿದ. ಜೀ ತಲೆಯಾಡಿಸಿದ. ಸುಯ್‌ಫೆನ್, ಅಕ್ಕ ಇಬ್ಬರೂ ಬಿಟ್ಟರು. ಸರದಿ ಮತ್ತೆ ಬಿಯಾನ್‌ಗೆ ಬಂತು. ಉಳಿದ ನಾಲ್ಕರ ಜೋಡಿ, ಹಾದಿತಪ್ಪಿದ್ದ ಮೂರು ಒಂಬತ್ತುಗಳ ಬಾಲಕ್ಕೆ ಸರಿಯಾಗಿ ಅಂಟಿತು. ಇಷ್ಟು ಸರಳವಾಗಿತ್ತು ಅದು, ಮೊದಲಿನಿಂದಲೂ ಕೈಯಲ್ಲೇ ಇತ್ತು. ಅವನು ಐದನ್ನೂ ಹಾಕಿದ. ಕೈಯಲ್ಲಿ ಒಂದೇ ಎಲೆ.

ಒಂದೇ ಎಲೆ ಉಳಿದವನನ್ನು ಯಾರೂ ಬಿಡುವುದಿಲ್ಲ. ಜೀ ನಾಲ್ಕು ಎಂಟರ ಬಾಂಬು ಹಾಕಿ ತಡೆದ. ತಡೆದವನ ಕೈಯಲ್ಲಿ ಆರು ಎಲೆ ಮಾತ್ರ ಇತ್ತು. ಅವನು ಸುಯ್‌ಫೆನ್ ಮುಖವನ್ನೊಮ್ಮೆ ನೋಡಿ, ಒಂದನ್ನು ಉಳಿಸಿಕೊಂಡು ಐದನ್ನು ಸಾಲಾಗಿ ಇಟ್ಟ: ಏಳರಿಂದ ಗುಲಾಮನವರೆಗೆ. ಅದನ್ನು ಹೊಡೆಯಲು ಅದಕ್ಕಿಂತ ದೊಡ್ಡ ಸಾಲು ಬೇಕು, ಇಲ್ಲವೇ ಒಂದು ಬಾಂಬು, ಎಷ್ಟೇ ಚಿಕ್ಕದಾದರೂ ಸರಿ.

"ಇಲ್ಲ," ಎಂದಳು ಸುಯ್‌ಫೆನ್.

ಜೀ ಉಳಿದ ಒಂಟಿಯನ್ನೂ ಇಟ್ಟು ಎರಡೂ ಕೈ ಮೇಲೆತ್ತಿದ. ಕೈ ಮೊದಲು ಖಾಲಿ ಮಾಡಿದವನು ಅವನೇ ಆದ. ಪಂದ್ಯ ಅಲ್ಲಿಗೆ ಮುಗಿದಂತೆಯೇ. ಉಳಿದದ್ದನ್ನು ಆಡಿ ಮುಗಿಸಬೇಕಿತ್ತಷ್ಟೆ. ಅಕ್ಕ ಅದರ ಮೇಲೆ ಇನ್ನೊಂದು ಒಂಟಿ ಎಲೆ ಹಾಕಿದಳು. ಬಿಯಾನ್ ಕರಿ ಜೋಕರ್ ಹಾಕಿ ಎರಡನೆಯವನಾಗಿ ಹೊರಬಿದ್ದ. ಅವನ ಜೋಕರನ್ನು ಯಾರೂ ಹೊಡೆಯದ್ದರಿಂದ ಸರದಿ ಜೊತೆಗಾತಿಗೆ ಹೋಯಿತು. ಸುಯ್‌ಫೆನ್ ಒಂದು ಜೋಡಿ ಹಾಕಿದಳು.

ಎರಡು ಮೂರುಗಳು.

ಬಿಯಾನ್ ಅವನ್ನು ನೋಡುತ್ತ ಕೂತ. ಈಗಷ್ಟೇ ಅವನಿಗಾಗಿ ಹಾಕಿದ ಸಾಲಿನಲ್ಲೂ ಎರಡು ಮೂರುಗಳಿದ್ದವು. ಅಲ್ಲಿಗೆ ನಾಲ್ಕು. ಅವಳ ಹತ್ತಿರ ಬಾಂಬು ಇತ್ತು. ಒಡೆದಿದ್ದಳು. ಅದು ಇಡಿಯಾಗಿ ಇದ್ದಿದ್ದರೆ ಜೀಯ ಕೊನೆಯ ಸಾಲನ್ನು ಹೊಡೆದು ಪಂದ್ಯವನ್ನು ತಿರುಗಿಸುತ್ತಿತ್ತು.

ಎಲೆ ಬಲ್ಲ ಅಕ್ಕನಿಗೂ ಅದು ಕಂಡಿತು. ತನ್ನ ಕೊನೆಯ ಜೋಡಿಯನ್ನು ಆ ಮೂರುಗಳ ಮೇಲಿಟ್ಟು ಕೈ ಝಾಡಿಸಿಕೊಂಡು, "ಅಯ್ಯೋ ಹುಚ್ಚೀ, ಗಂಡನಿಗೋಸ್ಕರ ಬಾಂಬು ಒಡೆದ್ಯಾ!" ಎಂದಳು. "ನಮ್ಮವನಿಗೆ ನಾನು ಬೀಜದ ಸಿಪ್ಪೇನೂ ಕೊಡಲ್ಲ."

"ನಿಮ್ಮೋರು ಕೇಳೋದೂ ಇಲ್ವಲ್ಲ ಅಕ್ಕ," ಎಂದಳು ಸುಯ್‌ಫೆನ್. ಕೈಯಲ್ಲಿ ಉಳಿದ ಎಲೆಗಳನ್ನು ಕಟ್ಟಿಗೆ ಸೇರಿಸಿದಳು. ಕೊನೆಯವಳು ಅವಳೇ.

ಗೆದ್ದವರಿಗೆ ಬಹುಮಾನ, ಚಹಾದ ಜೊತೆ ತಿನ್ನುವ, ಆಗಷ್ಟೇ ಎಳೆ ಎಳೆಯಾಗಿ ಕರಿದ ತಿಂಡಿಯ ಒಂದು ಪೆಟ್ಟಿಗೆ. ಜೀ ಅಲ್ಲೇ ಒಡೆದು ಎಲ್ಲರಿಗೂ ಹಂಚಿದ. ಬಿಯಾನ್ ತನ್ನ ಪಾಲನ್ನು ತಿಂದ. ಮೀನಿನ ವಾಸನೆ ಇತ್ತು, ಬಿಸಿಯಾಗಿ ಗರಿಗರಿಯಾಗಿಯೂ ಇತ್ತು.

ಮನೆಗೆ ಹೋಗುವ ದಾರಿ ಕಾಲುವೆಯ ಪಕ್ಕ. ಇಬ್ಬರೂ ಅಕ್ಕಪಕ್ಕ ನಡೆದರು. ದಂಡೆಯ ಕಲ್ಲುಕಟ್ಟೆ ಬಂದಾಗ ಬಿಯಾನ್ ಬೆನ್ನು ನೋವೆಂದು ಕೂತ, ಅವಳೂ ಕೂತಳು. ದೋಣಿಯೊಂದರಲ್ಲಿ ಹೆಂಗಸೊಬ್ಬಳು ಒಣಹಾಕಿದ ಬಟ್ಟೆ ತೆಗೆಯುತ್ತಿದ್ದಳು.

"ಯಾಕೆ ಒಡೆದೆ?" ಎಂದ.

"ನೀನು ನಿನ್ನ ಎಲೆ ಆಡೋದನ್ನ ಒಂದು ಸಲ ನೋಡ್ಬೇಕಿತ್ತು."

"ಸೋತ್ವಲ್ಲ."

"ಸೋತ್ವಿ. ಏನೀಗ? ನೂಲಿನ ಗಿರಣೀಲಿ ಗೆದ್ದು ಬಂದೋಳಾ ನಾನು?" ಅವಳು ಕಾಲಿನಿಂದ ಚಪ್ಪಲಿ ಬಿಡಿಸಿ ಪಾದ ಉಜ್ಜಿಕೊಂಡಳು. "ಸುಳ್ಳು ಹೇಳಿದ್ದಕ್ಕೆ ಸಿಟ್ಟಿದೆ. ಅದು ಇರುತ್ತೆ, ಸ್ವಲ್ಪ ದಿನ. ಆದ್ರೆ ಎದ್ದು ಹೋಗ್ಲಿಲ್ಲ ನೀನು." ಆಮೇಲೆ ಕೇಳಿದಳು. "ಜೀ ಅಕ್ಕ ಬರೋ ಶನಿವಾರ ಅವ್ರ ಮನೇಗೆ ಕರೀತಿದಾಳೆ. ಸೇಡು ತೀರಿಸ್ಕೊಳ್ಳಿ ಅಂತ. ಹೋಗೋಣ್ವಾ?"

ಅವಳು ಕೇಳಿದ್ದಳು. ಎದ್ದು ಹೋದರೆ ಇನ್ನು ಕೇಳುವುದಿಲ್ಲ ಎಂದಿದ್ದವಳು ಮತ್ತೆ ಕೇಳಿದ್ದಳು. ಹೂಂ ಎಂದರೆ ಮುಗಿಯಿತು. ಅದು ನ್ಯಾಯವೂ ಆಗಿರುತ್ತಿತ್ತು. ಬಿಯಾನ್ ನೀರನ್ನು ನೋಡುತ್ತ ಕೂತ. ಬೆರಳುಗಳಲ್ಲಿ ಇನ್ನೂ ಎಲೆಯ ನುಣುಪು ಇತ್ತು, ಅದನ್ನು ಪ್ಯಾಂಟಿಗೆ ಒರೆಸಿಕೊಂಡ.

"ಬೇಡ ಸುಯ್‌ಫೆನ್," ಎಂದ. "ನಂಗೆ ಎಲೆ ಸಾಕಾಗಿದೆ. ಅವರ ಜೊತೇಗೂ ಬೇಡ, ಇವರ ಜೊತೇಗೂ ಬೇಡ. ನಿನ್ನ ಜೊತೇಗೂ... ಸದ್ಯಕ್ಕೆ ಬೇಡ. ತುಂಬಾ ಸುಸ್ತಾಗಿದೆ."

ಹೇಳಿದ ಮೇಲೆ ಅವಳ ಮುಖ ನೋಡಲು ಹೆದರಿಕೆಯಾಯಿತು. ಅವಳು ಚಪ್ಪಲಿ ಮೆಟ್ಟಿಕೊಂಡು ಎದ್ದು ನಿಂತಳು. ಬಗ್ಗಿ ಅವನ ಮುಖವನ್ನೇ ಹತ್ತಿರದಿಂದ ನೋಡಿದಳು, ಜ್ವರ ಇದೆಯೇ ಎಂದು ನೋಡುವ ಹಾಗೆ.

"ಸರಿ," ಎಂದಳು. "ಜೀ ಅಕ್ಕನಿಗೆ ನಾನು ಹೇಳ್ತೀನಿ. ಶನಿವಾರ ಏನು ಮಾಡ್ತೀಯ ಮತ್ತೆ?"

"ಗೊತ್ತಿಲ್ಲ."

"ಯೋಚ್ನೆ ಮಾಡು. ಈಗ ಇಲ್ಲೇ ಕೂತಿರು, ಸೊಪ್ಪಿನವಳು ಅಂಗಡಿ ಎತ್ತೋದ್ರೊಳಗೆ ಜೊಂಡಿನ ಚಿಗುರು ತರ್ತೀನಿ. ರಾತ್ರಿಗೆ ಟೋಫು ಹಾಕಿ ಬಿಸಿ ಬಿಸಿ ಮಾಡ್ತೀನಿ."

ಅವಳು ಸೇತುವೆಯ ಕಡೆ ಹೋದಳು. ಬಿಯಾನ್ ಕಟ್ಟೆಯ ಮೇಲೆ ಕಾಲು ಚಾಚಿದ. ಬರುವ ಶನಿವಾರ ಏನು ಮಾಡಬಹುದೆಂದು ಯೋಚಿಸಲು ನೋಡಿದ. ಏನೂ ಹೊಳೆಯಲಿಲ್ಲ. ಮರಳಿನ ದೋಣಿಗಳು ಹೋಗುತ್ತಲೇ ಇದ್ದವು. ಅವನು ಅವು ಹೋಗುವುದನ್ನು ನೋಡುತ್ತ, ಅವಳು ಬರಲೆಂದು ಕಾದ.